ಸಮುದ್ರವಿಲ್ಲದ ದೇಶ, ಸಮುದ್ರ ಸೇರದ ನದಿ: ಮಕ್ಕಳಿಗೆ ಬೋಟ್ಸ್ವಾನಾ ಪರಿಚಯ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯನ್ನ ಮಕ್ಕಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಸಾಧ್ಯವಾದರೆ ಒಂದು ಅಟ್ಲಾಸ್, ಇಲ್ಲಾಂದ್ರೆ ಫೋನಲ್ಲೇ ಒಂದು ಮ್ಯಾಪ್ ತೆಗೆದಿಟ್ಟುಕೊಳ್ಳಿ. ಒಂದು ಸ್ಟೀಲ್ ತಟ್ಟೆ ಮತ್ತು ಎರಡು ಚಮಚ ಉಪ್ಪು ಕೂಡ ಬೇಕಾಗುತ್ತೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

"ಮಕ್ಕಳಿಗೆ ಆಫ್ರಿಕಾ ಬಗ್ಗೆ ಒಂದು ಎಪಿಸೋಡ್ ಮಾಡಿ" ಅಂತ ಹಲವು ಕೇಳುಗರು ಕೇಳಿದ್ದರು. ಆಫ್ರಿಕಾ ಅಂದರೆ 54 ದೇಶಗಳು. "ಏಷ್ಯಾ ಬಗ್ಗೆ ಅರ್ಧ ಗಂಟೆ ಮಾತಾಡಿ" ಅಂದರೆ ಜಪಾನ್, ಸೌದಿ ಅರೇಬಿಯಾ, ನಮ್ಮ ಧಾರವಾಡ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದ ಹಾಗಾಗುತ್ತೆ. ಮಕ್ಕಳ ಪುಸ್ತಕಗಳಲ್ಲಿ ಆಫ್ರಿಕಾಕ್ಕೆ ಆಗಿರೋದು ಅದೇ. ಒಂದು ಸಿಂಹ, ಒಂದು ಗುಡಿಸಲು, ಒಬ್ಬ ಭರ್ಜಿ ಹಿಡಿದ ಮನುಷ್ಯ, ಮುಗಿದೇ ಹೋಯ್ತು. ಆದ್ದರಿಂದ ನಾನು ಒಂದೇ ಒಂದು ದೇಶವನ್ನ ಆರಿಸಿಕೊಂಡಿದ್ದೇನೆ. ಅದರ ಹೆಸರು ಬೋಟ್ಸ್ವಾನಾ.

ಮ್ಯಾಪಿನಲ್ಲಿ ಆಫ್ರಿಕಾದ ತಳಭಾಗಕ್ಕೆ ಬೆರಳಿಡಿ. ಕೊನೆಯಲ್ಲಿರೋದು ದಕ್ಷಿಣ ಆಫ್ರಿಕಾ. ಅದರ ತಲೆಯ ಮೇಲೆ ಕೂತಿರೋದೇ ಬೋಟ್ಸ್ವಾನಾ. ಪಶ್ಚಿಮಕ್ಕೆ ನಮೀಬಿಯಾ, ಪೂರ್ವಕ್ಕೆ ಜಿಂಬಾಬ್ವೆ, ಉತ್ತರದಲ್ಲಿ ಒಂದು ಚೂರು ಜಾಂಬಿಯಾ. ಸುತ್ತಲೂ ಬೆರಳು ಓಡಿಸಿ ನೋಡಿ, ಎಲ್ಲೂ ನೀಲಿ ಬಣ್ಣ ಸಿಗಲ್ಲ. ಇಂಥ ದೇಶಕ್ಕೆ ಭೂಆವೃತ ದೇಶ ಅಂತಾರೆ, ಅಂದರೆ ನಾಲ್ಕೂ ಕಡೆ ನೆಲವೇ ಸುತ್ತಿಕೊಂಡಿರುವ ದೇಶ. ಆಫ್ರಿಕಾದಲ್ಲಿ ಇಂಥವು 16 ಇವೆ.

ಸಮುದ್ರ ಇಲ್ಲದಿದ್ದರೆ ಏನಾಗುತ್ತೆ? ಮಕ್ಕಳನ್ನ ಕೇಳಿ ನೋಡಿ, "ಬೀಚ್ ಇರಲ್ಲ" ಅಂತಾರೆ. ನಾನು ಓದಿದ್ದು ಕಾಮರ್ಸ್, ಹಾಗಾಗಿ ನನ್ನ ತಲೆಗೆ ಮೊದಲು ಬರೋದು ಬಂದರು. ನಿಮ್ಮ ಮನೆಗೆ ಸ್ವಂತ ಗೇಟ್ ಇಲ್ಲ, ಹೊರಗೆ ಹೋಗಬೇಕಾದರೆ ಪ್ರತಿ ಸಲ ಪಕ್ಕದ ಮನೆಯ ಅಂಗಳ ದಾಟಿಯೇ ಹೋಗಬೇಕು ಅಂತ ಇಟ್ಟುಕೊಳ್ಳಿ. ಪಕ್ಕದ ಮನೆಯವರ ಜೊತೆ ಜಗಳ ಆದರೆ ನಿಮಗೆ ಹಾಲೂ ಇಲ್ಲ, ಪೇಪರೂ ಇಲ್ಲ. ಬೋಟ್ಸ್ವಾನಾಕ್ಕೆ ಕಾರು, ಔಷಧಿ, ಮೊಬೈಲು ಏನೇ ಹಡಗಲ್ಲಿ ಬಂದರೂ ಅದು ಮೊದಲು ಬೇರೆ ಯಾರದೋ ಬಂದರಿನಲ್ಲಿ ಇಳಿಯಬೇಕು.

ಜಾಂಬಿಯಾ ಜೊತೆಗಿನ ಅದರ ಗಡಿ ಕೇವಲ 150 ಮೀಟರ್‌ನಷ್ಟಿದೆ. ಜಗತ್ತಿನ ಅತಿ ಚಿಕ್ಕ ಗಡಿಗಳಲ್ಲಿ ಅದೂ ಒಂದು. ನಡುವೆ ಜಾಂಬೆಜಿ ನದಿ. ಮೊದಲೆಲ್ಲ ಲಾರಿಗಳು ತೆಪ್ಪದಂಥ ದೋಣಿಗಾಗಿ ದಿನಗಟ್ಟಲೆ ಕಾಯಬೇಕಿತ್ತು. 2021ರಲ್ಲಿ ಅಲ್ಲಿ ಕಜುಂಗುಲಾ ಸೇತುವೆ ಉದ್ಘಾಟನೆಯಾಯ್ತು. 923 ಮೀಟರ್ ಉದ್ದ, ಬಾಳೆಹಣ್ಣಿನ ಹಾಗೆ ಬಾಗಿಕೊಂಡಿದೆ. ನೇರವಾಗಿ ಕಟ್ಟಿದ್ದರೆ ಜಿಂಬಾಬ್ವೆಯ ಜಾಗ ತಾಗುತ್ತಿತ್ತು, ಅದಕ್ಕೇ ಬಳಸಿಕೊಂಡು ಹೋಗಿದ್ದಾರೆ. ಮ್ಯಾಪನ್ನ ದೊಡ್ಡದು ಮಾಡಿ ನೋಡಿ, ಆ ಬಾಗು ಚೆನ್ನಾಗಿ ಕಾಣಿಸುತ್ತೆ.

ಗಾತ್ರದಲ್ಲಿ ಬೋಟ್ಸ್ವಾನಾ ಕರ್ನಾಟಕದ ಮೂರು ಪಟ್ಟು. ಜನ ಎಷ್ಟು ಗೊತ್ತಾ? 2022ರ ಜನಗಣತಿ ಪ್ರಕಾರ ಸುಮಾರು 23-24 ಲಕ್ಷ. ಇಷ್ಟು ದೊಡ್ಡ ಮನೆಯಲ್ಲಿ ಇಷ್ಟೇ ಜನ ಯಾಕೆ ಅಂದರೆ, ದೇಶದ ಶೇಕಡಾ 70ರಷ್ಟು ಭಾಗವನ್ನು ಕಲಹರಿಯ ಮರಳು ಮುಚ್ಚಿಕೊಂಡಿದೆ.

ಹೆಸರಿನ ಆಟ ಒಂದಿದೆ, ಮಕ್ಕಳಿಗೆ ಬೇಗ ಹಿಡಿಸುತ್ತೆ. ಅಲ್ಲಿಯ ಮುಖ್ಯ ಭಾಷೆಯಲ್ಲಿ ಪದದ ಬಾಲ ಬದಲಾಗಲ್ಲ, ತಲೆ ಬದಲಾಗುತ್ತೆ. ನಾವು ಹುಡುಗ, ಹುಡುಗರು ಅಂತ ಕೊನೆಯಲ್ಲಿ ಸೇರಿಸ್ತೀವಿ ಅಲ್ವಾ? ಅವರು ಮೊದಲಲ್ಲಿ ಸೇರಿಸ್ತಾರೆ. ಒಬ್ಬರಿದ್ದರೆ ಮೋಟ್ಸ್ವಾನಾ. ತುಂಬ ಜನ ಇದ್ದರೆ ಬಾಟ್ಸ್ವಾನಾ. ಅವರ ಭಾಷೆ ಸೆಟ್ಸ್ವಾನಾ. ಅವರ ನಾಡು ಬೋಟ್ಸ್ವಾನಾ. ಮೋ, ಬಾ, ಸೆ, ಬೋ. ರಾಜಧಾನಿಯನ್ನ ಇಂಗ್ಲಿಷ್ ಅಕ್ಷರ ನೋಡಿ ಗ್ಯಾಬರೋನ್ ಅಂತ ಓದ್ತೀವಿ, ಆದರೆ ಅವರ ಬಾಯಲ್ಲಿ ಆ 'ಗ' ಗಂಟಲಿಂದ ಬರುವ 'ಹ' ಆಗಿಬಿಡುತ್ತೆ. ಹಾಬೊರೋನೆ. ನಮಸ್ಕಾರಕ್ಕೆ ಡುಮೆಲಾ. ಹಿರಿಯ ಹೆಂಗಸಾದರೆ ಡುಮೆಲಾ ಮ್ಮಾ, ಗಂಡಸಾದರೆ ಡುಮೆಲಾ ರ್ರಾ. ಬರೀ ಡುಮೆಲಾ ಅಂತ ಬಿಟ್ಟರೆ ಸ್ವಲ್ಪ ಒರಟು, ನಾವು 'ರೀ' ಬಿಟ್ಟು ಮಾತಾಡಿದ ಹಾಗೆ.

ಇನ್ನೊಂದು ಪದ ಪುಲಾ. ಅದರ ಅರ್ಥ ಮಳೆ. ಅದು ಅವರ ದುಡ್ಡಿನ ಹೆಸರೂ ಹೌದು. ಸ್ವಾತಂತ್ರ್ಯ ಬಂದ ಹತ್ತು ವರ್ಷದವರೆಗೂ ಅವರು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬಳಸುತ್ತಿದ್ದರು. 1976ರಲ್ಲಿ ತಮ್ಮದೇ ನೋಟು ತಂದಾಗ ಅದಕ್ಕೆ ಮಳೆ ಅಂತ ಹೆಸರಿಟ್ಟರು. ಚಿಲ್ಲರೆಗೆ ಥೆಬೆ, ಅಂದರೆ ಗುರಾಣಿ. ನೂರು ಗುರಾಣಿ ಸೇರಿದರೆ ಒಂದು ಮಳೆ. ಭಾಷಣ ಮುಗಿದಾಗ, ಸಂತೋಷ ಆದಾಗ ಜನ ಒಟ್ಟಾಗಿ "ಪುಲಾ!" ಅಂತ ಕೂಗ್ತಾರೆ. ದೇಶದ ಲಾಂಛನದ ಮೇಲೂ ಅದೇ ಪದ. ಬಾವುಟದ ತಿಳಿನೀಲಿ ಕೂಡ ನೀರಿನದೇ. ಮಳೆ ಬಂದರೆ ಸ್ಕೂಲಿಗೆ ರಜೆ ಸಿಗುತ್ತಾ ಅಂತ ನೋಡುವ ನಮ್ಮ ಕಡೆಯ ಮಕ್ಕಳಿಗೆ ಇದನ್ನ ಸ್ವಲ್ಪ ನಿಧಾನವಾಗಿ ವಿವರಿಸಬೇಕು.

ಈಗ ನೀರಿನ ವಿಷಯಕ್ಕೇ ಬರೋಣ. ಈ ದೇಶದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದು.

ಅಂಗೋಲಾ ದೇಶದ ಎತ್ತರದ ಬೆಟ್ಟಗಳಲ್ಲಿ ಮಳೆ ಬೀಳುತ್ತೆ. ಆ ನೀರು ಸೇರಿ ಒಕವಾಂಗೋ ಅನ್ನೋ ನದಿ ಆಗುತ್ತೆ. ನದಿ ಅಂದಮೇಲೆ ಸಮುದ್ರದ ಕಡೆ ಹರಿಯಬೇಕಲ್ವಾ? ಇದು ಸಮುದ್ರಕ್ಕೆ ಬೆನ್ನು ಹಾಕಿ ಒಳನಾಡಿಗೆ ಹರಿಯುತ್ತೆ. ನಮೀಬಿಯಾದ ಒಂದು ಸಪೂರ ಪಟ್ಟಿಯನ್ನ ದಾಟಿ ಬೋಟ್ಸ್ವಾನಾಕ್ಕೆ ಬಂದು, ಕಲಹರಿಯ ಮರಳಿನ ಮೇಲೆ ಅಂಗೈ ಬಿಚ್ಚಿದ ಹಾಗೆ ಹರಡಿಕೊಂಡು, ಅಲ್ಲೇ ಮುಗಿದುಹೋಗುತ್ತೆ. ಬಂದ ನೀರಲ್ಲಿ ಬಹುಪಾಲು ಬಿಸಿಲಿಗೆ ಆವಿಯಾಗುತ್ತೆ, ಗಿಡಮರಗಳು ಕುಡಿಯುತ್ತವೆ, ಸ್ವಲ್ಪ ಮರಳಿನೊಳಗೆ ಇಂಗುತ್ತೆ. ದೇಶಕ್ಕೂ ಸಮುದ್ರ ಇಲ್ಲ, ಅದರ ನದಿಗೂ ಇಲ್ಲ. ಈ ಜಾಗಕ್ಕೆ ಒಕವಾಂಗೋ ಮುಖಜಭೂಮಿ ಅಂತಾರೆ. ನೀರು ಉಕ್ಕಿದಾಗ ಸುಮಾರು 15 ಸಾವಿರ ಚದರ ಕಿಲೋಮೀಟರ್ ತನಕ ಹರಡಿಕೊಳ್ಳುತ್ತೆ. ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸಾವಿರ ಮುಟ್ಟಿದ್ದು ಇದೇ ಜಾಗದಿಂದ, 2014ರಲ್ಲಿ.

ಇದರ ಟೈಮಿಂಗ್ ನೋಡಿ. ಅಂಗೋಲಾದಲ್ಲಿ ಮಳೆ ಜೋರಾಗಿ ಸುರಿಯೋದು ಡಿಸೆಂಬರ್‌ನಿಂದ ಮಾರ್ಚ್ ತನಕ. ಆದರೆ ನೆಲ ಎಷ್ಟು ಸಪಾಟಾಗಿದೆ ಅಂದರೆ ನೀರು ನಡೆಯಲ್ಲ, ತೆವಳುತ್ತೆ. ಮುಖಜಭೂಮಿಯ ಕೊನೆಯಲ್ಲಿರುವ ಮೌನ್ ಪಟ್ಟಣದ ಹತ್ತಿರ ಅದು ತಲುಪೋದು ಜೂನ್, ಜುಲೈ ಹೊತ್ತಿಗೆ. ಭೂಮಧ್ಯರೇಖೆಯ ಕೆಳಗೆ ಇರೋದರಿಂದ ಆಗ ಅಲ್ಲಿ ಚಳಿಗಾಲ, ಒಂದು ಹನಿ ಮಳೆ ಇಲ್ಲ, ಹುಲ್ಲೆಲ್ಲ ಒಣಗಿ ನಿಂತಿರುತ್ತೆ. ಪ್ರಾಣಿಗಳಿಗೆ ನೀರು ಅತಿ ಹೆಚ್ಚು ಬೇಕಾದ ಹೊತ್ತಲ್ಲೇ, ಮೋಡವೇ ಇಲ್ಲದ ಆಕಾಶದ ಕೆಳಗೆ, ಪ್ರವಾಹ ಬರುತ್ತೆ. ಆರು ತಿಂಗಳ ಹಿಂದೆ ಬೇರೆ ದೇಶದಲ್ಲಿ ಬಿದ್ದ ಮಳೆ ಅದು. ಆನೆ, ಕಾಡೆಮ್ಮೆ, ಜೀಬ್ರಾ ಎಲ್ಲಾ ಅದಕ್ಕೇ ಅಲ್ಲಿಗೆ ಬಂದು ಸೇರ್ತವೆ.

ಇನ್ನು ತಟ್ಟೆ, ಉಪ್ಪಿನ ವಿಷಯ. ಈ ಮುಖಜಭೂಮಿಯಲ್ಲಿ ಸಾವಿರಾರು ಪುಟ್ಟ ದ್ವೀಪಗಳಿವೆ. ಅವುಗಳಲ್ಲಿ ಎಷ್ಟೋ ದ್ವೀಪಗಳನ್ನ ಶುರು ಮಾಡಿದ್ದು ಗೆದ್ದಲು. ನೀರು ಇಳಿದಾಗ ಗೆದ್ದಲು ಹುತ್ತ ಕಟ್ಟುತ್ತೆ. ನೀರು ಏರಿದಾಗ ಹುತ್ತದ ತುದಿ ಮಾತ್ರ ಮೇಲೆ ಉಳಿಯುತ್ತೆ. ಅದರ ಮೇಲೆ ಹಕ್ಕಿ ಕೂರುತ್ತೆ, ಹಿಕ್ಕೆ ಹಾಕುತ್ತೆ, ಹಿಕ್ಕೆಯಲ್ಲಿದ್ದ ಬೀಜ ಮೊಳೆಯುತ್ತೆ. ಮರ ಬೆಳೆಯುತ್ತೆ, ಬೇರು ಮಣ್ಣನ್ನ ಹಿಡಿಯುತ್ತೆ, ದ್ವೀಪ ಅಗಲವಾಗುತ್ತೆ.

ಈಗ ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಡಿ. ನೀರು ಹೋಗುತ್ತೆ, ಉಪ್ಪು ಉಳಿಯುತ್ತೆ. ಒಕವಾಂಗೋ ಇಡೀ ದೊಡ್ಡದೊಂದು ತಟ್ಟೆ. ವರ್ಷವರ್ಷ ನೀರು ಆವಿಯಾಗ್ತಾ ಹೋದರೆ ಇಷ್ಟು ಹೊತ್ತಿಗೆ ಅದು ಉಪ್ಪಿನ ಬಯಲಾಗಬೇಕಿತ್ತು. ಆದರೂ ಅಲ್ಲಿಯ ನೀರು ಸಿಹಿ. ಯಾಕೆ? ದ್ವೀಪದ ಮರಗಳು ಸುತ್ತಲಿನ ನೀರನ್ನ ಬೇರಿನಿಂದ ಎಳೆದುಕೊಳ್ಳುತ್ತವೆ, ನೀರನ್ನು ಕುಡಿದು ಉಪ್ಪನ್ನು ದ್ವೀಪದ ಅಡಿಯಲ್ಲೇ ಬಿಟ್ಟುಬಿಡುತ್ತವೆ. ಹಾಗಾಗಿ ಉಪ್ಪೆಲ್ಲ ದ್ವೀಪದ ನಡುವೆ ಶೇಖರ ಆಗುತ್ತೆ. ವಿಮಾನದಿಂದ ತೆಗೆದ ಫೋಟೋ ನೋಡಿ, ದ್ವೀಪದ ಅಂಚಲ್ಲಿ ಹಸಿರು ಮರಗಳ ಉಂಗುರ, ನಡುವೆ ಬೋಳು ಬಿಳಿ ಜಾಗ. ನನ್ನ ಅಕ್ಕನ ಮಗಳು ಅದನ್ನ ನೋಡಿ "ಅಜ್ಜನ ತಲೆ" ಅಂದಳು. ಸರಿಯಾಗೇ ಹೇಳಿದಳು.

ಅಲ್ಲಿಂದ ಆಗ್ನೇಯಕ್ಕೆ ಮಕ್ಗಾಡಿಕ್ಗಾಡಿ ಅನ್ನೋ ಕಡೆ ನಿಜವಾಗಲೂ ಉಪ್ಪಿನ ಬಯಲುಗಳೇ ಇವೆ. ಒಂದು ಕಾಲದಲ್ಲಿ ಅದು ಮಹಾ ಸರೋವರ, ಈಗ ಒಣಗಿ ಬಿಳಿ ನೆಲ. ಮಳೆಗಾಲದಲ್ಲಿ ತೆಳ್ಳಗೆ ನೀರು ನಿಂತಾಗ ಫ್ಲೆಮಿಂಗೋ ಹಕ್ಕಿಗಳು ಬಂದು ಮರಿ ಮಾಡುತ್ತವೆ. ಸುತ್ತ ಹೊಸ ಹುಲ್ಲು ಬರುತ್ತೆ. ಆ ಹುಲ್ಲಿಗಾಗಿ ಒಕವಾಂಗೋದಿಂದ ಜೀಬ್ರಾಗಳು ಬರ್ತವೆ, ಹೋಗಿ ಬರೋದು 500 ಕಿಲೋಮೀಟರ್‌ಗೂ ಹೆಚ್ಚು.

1968ರಲ್ಲಿ ಅವುಗಳ ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಬೇಲಿ ಬಂತು. ದನಗಳಿಗೆ ಕಾಡೆಮ್ಮೆಗಳಿಂದ ಕಾಲುಬಾಯಿ ರೋಗ ಹರಡಬಾರದು ಅಂತ ಹಾಕಿದ್ದು. ಬೋಟ್ಸ್ವಾನಾ ಯುರೋಪಿಗೆ ದನದ ಮಾಂಸ ಮಾರುವ ದೇಶ, ರೋಗ ಇದೆ ಅಂದರೆ ವ್ಯಾಪಾರವೇ ಬಂದ್. ಹಾಗಾಗಿ ಬೇಲಿ ಹಾಕಿದವರನ್ನ ಸುಮ್ಮನೆ ಖಳನಾಯಕರು ಅಂತ ಮಕ್ಕಳಿಗೆ ಹೇಳಬೇಡಿ. ಆದರೆ ಜೀಬ್ರಾಗಳ ದಾರಿ ಕಡಿದುಹೋಯ್ತು. 2004ರಲ್ಲಿ ಆ ಬೇಲಿ ತೆಗೆದರು. ಮಧ್ಯೆ 36 ವರ್ಷ. ಕಾಡಿನ ಜೀಬ್ರಾ ಅಷ್ಟು ವರ್ಷ ಬದುಕಲ್ಲ, ಅಂದರೆ ಹಳೆಯ ದಾರಿಯಲ್ಲಿ ನಡೆದಿದ್ದ ಒಂದೇ ಒಂದು ಜೀಬ್ರಾ ಕೂಡ ಉಳಿದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸಂಶೋಧಕರು ಜೀಬ್ರಾಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದರೆ, ಅವು ಮತ್ತೆ ಆ ದಾರಿ ಹಿಡಿದಿದ್ದವು! ಹೇಗೆ ಗೊತ್ತಾಯ್ತು ಅಂತ ಮಕ್ಕಳು ಕೇಳೇ ಕೇಳ್ತಾರೆ. ಉತ್ತರ ಕೊಡೋಕೆ ಅವಸರ ಮಾಡಬೇಡಿ, ಅವರೇ ಊಹೆ ಮಾಡಲಿ.

ಇನ್ನು ಆನೆ. ಜಗತ್ತಿನಲ್ಲಿ ಅತಿ ಹೆಚ್ಚು ಆನೆ ಇರುವ ದೇಶ ಬೋಟ್ಸ್ವಾನಾ, ಸುಮಾರು 1 ಲಕ್ಷ 30 ಸಾವಿರ. ನಮ್ಮ ಕಡೆ ಹಾಸನ, ಕೊಡಗಿನ ಕೇಳುಗರಿಗೆ ಈ ಸಂಖ್ಯೆ ಕೇಳಿದ ತಕ್ಷಣ ಸಫಾರಿ ನೆನಪಾಗಲ್ಲ, ಕಾಫಿ ತೋಟ, ರಾತ್ರಿ, ಪಟಾಕಿ ನೆನಪಾಗುತ್ತೆ. ಅಲ್ಲೂ ಹಾಗೇ. ಒಕವಾಂಗೋ ನದಿಯ ಪೂರ್ವ ದಂಡೆಯ ಹಳ್ಳಿಗಳಲ್ಲಿ ಜನರ ಸಂಖ್ಯೆ, ಆನೆಗಳ ಸಂಖ್ಯೆ ಹೆಚ್ಚುಕಡಿಮೆ ಸಮಸಮ. ಆನೆಗಳು ಒಳಗಿನ ಕಾಡಿಂದ ನದಿಗೆ ನೀರು ಕುಡಿಯೋಕೆ ಬರುವ ದಾರಿಯನ್ನೇ ದಾಟಿ ಮಕ್ಕಳು ಸ್ಕೂಲಿಗೆ ಹೋಗಬೇಕು. ಹಾಗಾಗಿ ಅಲ್ಲಿ 'ಎಲಿಫೆಂಟ್ ಎಕ್ಸ್‌ಪ್ರೆಸ್' ಅಂತ ಬಸ್ ಓಡಿಸ್ತಿದ್ದಾರೆ, ಮಕ್ಕಳು ಆನೆದಾರಿಯನ್ನ ನಡೆದು ದಾಟುವ ಬದಲು ಬಸ್ಸಲ್ಲಿ ದಾಟಲಿ ಅಂತ. ಜೋಳದ ಹೊಲಕ್ಕೆ ಆನೆ ನುಗ್ಗದಿರಲಿ ಅಂತ ಮೆಣಸಿನಕಾಯಿ ಪುಡಿಯನ್ನು ಸಗಣಿಗೆ ಸೇರಿಸಿ ಇಟ್ಟಿಗೆ ಮಾಡಿ ಹೊಗೆ ಹಾಕ್ತಾರೆ. ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಸೀದಾಗ ನಾವೆಲ್ಲ ಕೆಮ್ಮಿಕೊಂಡು ಹೊರಗೆ ಓಡ್ತೀವಲ್ಲ, ಆನೆಯ ಮೂಗಿನ ಉದ್ದ ನೆನೆಸಿಕೊಳ್ಳಿ.

ದೂರದಲ್ಲಿ ಕೂತವರಿಗೆ ಆನೆ ಮುದ್ದು. 2014ರಲ್ಲಿ ಬೋಟ್ಸ್ವಾನಾ ಬೇಟೆಯನ್ನ ನಿಷೇಧ ಮಾಡಿತು, 2019ರಲ್ಲಿ ಆ ನಿಷೇಧ ತೆಗೆಯಿತು. ಯುರೋಪಿನಲ್ಲಿ ತುಂಬ ಜನ ಬೇಸರ ಮಾಡಿಕೊಂಡರು. 2024ರಲ್ಲಿ ಜರ್ಮನಿ ಬೇಟೆಯ ಸ್ಮರಣಿಕೆಗಳ ಆಮದಿಗೆ ಇನ್ನಷ್ಟು ಕಡಿವಾಣ ಹಾಕುವ ಮಾತಾಡಿದಾಗ ಆಗಿನ ಅಧ್ಯಕ್ಷ ಮೊಕ್ವೀಟ್ಸಿ ಮಾಸಿಸಿ, ಹಾಗಿದ್ದರೆ 20 ಸಾವಿರ ಆನೆ ನಿಮಗೇ ಕೊಡ್ತೀವಿ, ನೀವೇ ಜೊತೆಗಿಟ್ಟುಕೊಂಡು ಬಾಳಿ ನೋಡಿ ಅಂತ ಸವಾಲು ಹಾಕಿದರು. ಬೇಟೆ ನನಗೆ ಒಪ್ಪಿಗೆ ಇಲ್ಲ. ಆದರೆ ಹೊಲ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ ಅಂತಲೂ ಮಕ್ಕಳಿಗೆ ಗೊತ್ತಾಗಬೇಕು.

ಸಿಂಹದ ಕಥೆ ಸ್ವಲ್ಪ ಹಗುರ. ಒಕವಾಂಗೋ ಸುತ್ತಮುತ್ತ ದನ ಸಾಕುವವರಿಗೆ ಸಿಂಹ, ಚಿರತೆ ಕಾಟ. ಈ ಪ್ರಾಣಿಗಳು ಹೊಂಚು ಹಾಕಿ ಹಿಂದಿನಿಂದ ಬೀಳುತ್ತವೆ, ನೋಡಿಬಿಟ್ಟರು ಅಂತ ಗೊತ್ತಾದರೆ ಎಷ್ಟೋ ಸಲ ಬಿಟ್ಟುಬಿಡುತ್ತವೆ. ಅದಕ್ಕೆ ಸಂಶೋಧಕರು ಏನು ಮಾಡಿದರು ಹೇಳಿ? ಹಸುಗಳ ಹಿಂಭಾಗಕ್ಕೆ ಎರಡು ದೊಡ್ಡ ಕಣ್ಣು ಬಿಡಿಸಿದರು. ತಮಾಷೆ ಅಲ್ಲ, ನಾಲ್ಕು ವರ್ಷ ನಡೆದ ಪ್ರಯೋಗ, 2020ರಲ್ಲಿ ಪ್ರಕಟವಾಯ್ತು. ಒಟ್ಟು 2,061 ದನಗಳು. ಕಣ್ಣು ಬರೆಸಿಕೊಂಡ 683ರಲ್ಲಿ ಒಂದೂ ಸಾಯಲಿಲ್ಲ. ಏನೂ ಬರೆಯದ 835ರಲ್ಲಿ 15 ಸತ್ತವು. ಬರೀ ಅಡ್ಡಗೆರೆಯ ಗುರುತು ಹಾಕಿದ 543ರಲ್ಲಿ 4. ಸುಂದರಬನದಲ್ಲಿ ನಮ್ಮ ಜನ ಹುಲಿಗೆ ಹೆದರಿ ತಲೆಯ ಹಿಂದೆ ಮುಖವಾಡ ಕಟ್ಟಿಕೊಳ್ತಿದ್ದರಲ್ಲ, ಅದೇ ಉಪಾಯ. ಸ್ಕೂಲಲ್ಲಿ ಕ್ಲಾಸಿನ ಹುಡುಗರಿಗೆ ಈ ಅಂಕಿ ಕೊಟ್ಟು ಶೇಕಡಾವಾರು ಲೆಕ್ಕ ಮಾಡಿಸಿ, ಗಣಿತದ ಪೀರಿಯಡ್ ಅಂತ ಯಾರಿಗೂ ಅನ್ನಿಸಲ್ಲ.

ಚೀತಾ ಬಗ್ಗೆ ಒಂದೇ ಮಾತು. 2025ರ ನವೆಂಬರ್‌ನಲ್ಲಿ ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಅಲ್ಲಿಗೆ ಹೋಗಿದ್ದಾಗ ಭಾರತಕ್ಕೆ ಎಂಟು ಚೀತಾಗಳನ್ನು ಒಪ್ಪಿಸುವ ಸಾಂಕೇತಿಕ ಕಾರ್ಯಕ್ರಮ ನಡೆಯಿತು. ಪೇಪರಲ್ಲಿ ಬೋಟ್ಸ್ವಾನಾ ಹೆಸರು ನೀವು ನೋಡಿದ್ದರೆ ಬಹುಶಃ ಅದೇ ಕಾರಣಕ್ಕೆ.

ಈಗ ಕಲಹರಿಯ ಜನ. ದಕ್ಷಿಣ ಆಫ್ರಿಕಾ ಭಾಗದ ಅತಿ ಹಳೆಯ ನಿವಾಸಿಗಳು ಸಾನ್ ಜನ. ಸೆಟ್ಸ್ವಾನಾದಲ್ಲಿ ಬಸಾರ್ವಾ ಅಂತಾರೆ. ಅವರ ಭಾಷೆಗಳಲ್ಲಿ ಕ್ಲಿಕ್ ಶಬ್ದಗಳಿವೆ. ಮಕ್ಕಳಿಗೆ ಕಷ್ಟ ಆಗಲ್ಲ, ನಾವೂ ಮಾಡ್ತೀವಿ. ಅಯ್ಯೋ ಪಾಪ ಅಂತ ಲೊಚಗುಟ್ಟೋದು ಒಂದು ಕ್ಲಿಕ್. ಎತ್ತನ್ನೋ ಕುದುರೆಯನ್ನೋ ಹೊಡೆಯುವಾಗ ಕೆನ್ನೆಯ ಪಕ್ಕದಿಂದ ಹೊರಡಿಸುವ ಟಕ್ ಟಕ್ ಇನ್ನೊಂದು. ನಮಗದು ಬರೀ ಸದ್ದು, ಅವರಿಗೆ ಕ, ಚ, ಟ ಇದ್ದ ಹಾಗೆ ವ್ಯಂಜನ. ನೀರಿಲ್ಲದ ಕಾಲಕ್ಕೆ ಕಾಡು ಕಲ್ಲಂಗಡಿಯ ರಸ, ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನಲ್ಲಿ ತುಂಬಿಟ್ಟ ನೀರು. ವಾಯವ್ಯದ ತ್ಸೊದಿಲೊ ಬೆಟ್ಟಗಳ ಬಂಡೆಗಳ ಮೇಲೆ 4,500ಕ್ಕೂ ಹೆಚ್ಚು ಹಳೆಯ ಚಿತ್ರಗಳಿವೆ. ಆ ಬೆಟ್ಟಗಳಿಗೆ ಗಂಡು, ಹೆಣ್ಣು, ಮಗು ಅಂತಲೇ ಹೆಸರು.

ಇಲ್ಲಿಗೆ ನಿಲ್ಲಿಸಿದರೆ ಸುಂದರವಾದ ಪೋಸ್ಟ್‌ಕಾರ್ಡ್ ಆಗುತ್ತೆ. ಮಕ್ಕಳ ಪುಸ್ತಕಗಳು ಹೆಚ್ಚಾಗಿ ಇಲ್ಲೇ ನಿಲ್ಲಿಸುತ್ತವೆ ಕೂಡ. ನಾನು ಮುಂದಿನದನ್ನೂ ಹೇಳ್ತೀನಿ. 1961ರಲ್ಲಿ ಬ್ರಿಟಿಷರು ಮಧ್ಯ ಕಲಹರಿ ಅಭಯಾರಣ್ಯ ಮಾಡಿದಾಗ ಅದು ಪ್ರಾಣಿಗಳಿಗೂ ಅಲ್ಲಿದ್ದ ಸಾನ್ ಜನರಿಗೂ ಸೇರಿ ಮಾಡಿದ್ದು. 1997 ಮತ್ತು 2002ರಲ್ಲಿ ಸರ್ಕಾರ ಅವರನ್ನ ಹೊರಗಿನ ಪುನರ್ವಸತಿ ಊರುಗಳಿಗೆ ಕಳಿಸಿತು. ಅಷ್ಟು ದೂರಕ್ಕೆ ಶಾಲೆ, ಆಸ್ಪತ್ರೆ ಕೊಡೋದು ಕಷ್ಟ, ವನ್ಯಜೀವಿಗಳಿಗೂ ತೊಂದರೆ ಅನ್ನೋದು ಸರ್ಕಾರದ ವಾದ. ಅಜ್ಜ ಮುತ್ತಜ್ಜರ ಸಮಾಧಿ ಇರುವ ನೆಲ ನಮ್ಮದು ಅನ್ನೋದು ಅವರ ವಾದ. ಕುಡಿಯುವ ನೀರಿನ ಕೊಳವೆಬಾವಿಯನ್ನೂ ಮುಚ್ಚಲಾಯ್ತು. ಅವರು ಕೋರ್ಟಿಗೆ ಹೋದರು. 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್, ಅವರನ್ನ ಹೊರಹಾಕಿದ್ದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಕೊಳವೆಬಾವಿ ಬಳಸುವ ಹಕ್ಕು ಸಿಕ್ಕಿದ್ದು 2011ರ ಮೇಲ್ಮನವಿ ತೀರ್ಪಿನಲ್ಲಿ. ನಾಗರಹೊಳೆಯ ಜೇನುಕುರುಬರ ವಿಷಯ ಗೊತ್ತಿರುವ ಮನೆಗಳಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಕಾಗಲ್ಲ. ಒಂಬತ್ತು ಹತ್ತು ವರ್ಷದ ಮಗುವಿಗೆ ಇದು ಅರ್ಥ ಆಗುತ್ತಾ ಅಂತ ಕೇಳಬಹುದು. "ನಮ್ಮ ಮನೆ ಬಿಟ್ಟು ಹೋಗಿ ಅಂತ ಯಾರಾದರೂ ಅಂದರೆ?" ಅಂತ ಒಮ್ಮೆ ಕೇಳಿ ನೋಡಿ, ಚೆನ್ನಾಗೇ ಅರ್ಥ ಆಗುತ್ತೆ.

ಊಟಕ್ಕೆ ಬರೋಣ. ಬೊಗೋಬೆ ಅಂದರೆ ಜೋಳದ ಹಿಟ್ಟಿನ ಗಟ್ಟಿ ಗಂಜಿ, ಸ್ವಲ್ಪ ಹುಳಿ ಬರಿಸಿ ಮಾಡೋದೂ ಉಂಟು. ಜೊತೆಗೆ ಮೊರೊಗೊ ಅನ್ನೋ ಸೊಪ್ಪು. ಹಬ್ಬ, ಮದುವೆಗೆ ಸೆಸ್ವಾ, ಮಾಂಸವನ್ನು ಉಪ್ಪು ಹಾಕಿ ಗಂಟೆಗಟ್ಟಲೆ ಬೇಯಿಸಿ ಒನಕೆಯಂಥದ್ದರಲ್ಲಿ ಕುಟ್ಟಿ ಎಳೆಎಳೆ ಮಾಡಿದ್ದು. ಇಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಒಂದು ವಿಷಯ ಇದೆ: ನಮ್ಮ ಜೋಳ, ರಾಗಿ ಎರಡರ ತವರೂ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಧಾನ್ಯಗಳು. ವಿಜಯಪುರದ ರೊಟ್ಟಿ, ಮಂಡ್ಯದ ಮುದ್ದೆ ಎರಡೂ ಆಫ್ರಿಕಾದ ನೆಂಟಸ್ತಿಕೆಯೇ. ಇನ್ನು ಮೊಪಾನೆ ಮರದ ಎಲೆ ತಿಂದು ಬೆಳೆಯುವ ದಪ್ಪ ಕಂಬಳಿಹುಳವನ್ನ ಒಣಗಿಸಿ ಹುರಿದು ತಿಂತಾರೆ. ಮಕ್ಕಳು ಛೀ ಅಂದರೆ, 5 ಪುಲಾ ನಾಣ್ಯದ ಮೇಲೆ ಅದೇ ಹುಳದ ಚಿತ್ರ ಇದೆ ಅಂತ ಹೇಳಿ. ನಾಣ್ಯದ ಮೇಲೆ ಜಾಗ ಸಿಗೋದು ಸುಲಭ ಅಲ್ಲ.

ಉತ್ತರ ಭಾಗದ ಹೆಂಗಸರು ತಾಳೆ ಜಾತಿಯ ಗರಿಯಿಂದ ಹೆಣೆಯುವ ಬುಟ್ಟಿಗಳು ಜಗತ್ಪ್ರಸಿದ್ಧ. ಒಂದೊಂದು ವಿನ್ಯಾಸಕ್ಕೂ ಹೆಸರಿದೆ. ಜಿರಾಫೆಯ ಕಣ್ಣೀರು, ಜೀಬ್ರಾದ ಹಣೆ. ಇನ್ನೊಂದು, ಗೂಳಿಯ ಉಚ್ಚೆಯ ಜಾಡು! ಹೌದು, ಗೂಳಿ ನಡೀತಾ ನಡೀತಾ ಹೊಯ್ದರೆ ನೆಲದ ಮೇಲೆ ಅಂಕುಡೊಂಕು ಗೆರೆ ಮೂಡುತ್ತಲ್ಲ, ಅದು. ನಗಬೇಡಿ, ನಮ್ಮ ಹಳೆಯ ಚಿತ್ರಕಾವ್ಯದಲ್ಲೂ ಅದೇ ಅಂಕುಡೊಂಕಿನಲ್ಲಿ ಅಕ್ಷರ ಓದುವ ಪದ್ಯಬಂಧಕ್ಕೆ ಗೋಮೂತ್ರಿಕೆ ಅಂತಲೇ ಹೆಸರು. ದನದ ಹಿಂದೆ ನಡೆದವರು ಎಲ್ಲಿದ್ದರೂ ಒಂದೇ ಗೆರೆ ನೋಡಿದ್ದಾರೆ.

ಊರಿನ ಪಂಚಾಯಿತಿಗೆ ಖೊಟ್ಲ ಅಂತಾರೆ. ಮರದ ಕಂಬಗಳನ್ನ ಅರ್ಧಚಂದ್ರಾಕಾರ ನೆಟ್ಟ ಜಾಗ. ಮುಖ್ಯಸ್ಥ ಕೊನೆಯಲ್ಲಿ ಮಾತಾಡ್ತಾನೆ, ಅದಕ್ಕೂ ಮುಂಚೆ ಯಾರು ಬೇಕಾದರೂ ಮಾತಾಡಬಹುದು, ಅಡ್ಡ ಬಾಯಿ ಹಾಕುವಂತಿಲ್ಲ. ಹಿಂದೆ ಹೆಂಗಸರಿಗೆ ಅಲ್ಲಿ ಮಾತಾಡೋಕೆ ಬಿಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಈಗ ಬಿಡ್ತಾರೆ.

1895ರಲ್ಲಿ ಇಂಥ ಮೂವರು ಮುಖ್ಯಸ್ಥರು, ಮೂರನೆಯ ಖಾಮಾ, ಸೆಬೆಲೆ, ಬಾತೊಯೆನ್, ಹಡಗು ಹತ್ತಿ ಲಂಡನ್ನಿಗೆ ಹೋದರು. ಸೆಸಿಲ್ ರೋಡ್ಸ್ ಅನ್ನೋ ಉದ್ಯಮಿಯ ಕಂಪನಿಗೆ ಅವರ ನೆಲವನ್ನ ಒಪ್ಪಿಸುವ ಮಾತು ನಡೆದಿತ್ತು. ಕಂಪನಿ ಆಳ್ವಿಕೆ ಅಂದರೆ ಏನು ಅಂತ ಭಾರತದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮೂವರು ಇಂಗ್ಲೆಂಡಿನ ಊರೂರು ತಿರುಗಿ, ಚರ್ಚು, ಸಭಾಂಗಣಗಳಲ್ಲಿ ಮಾತಾಡಿ, ಜನಾಭಿಪ್ರಾಯ ಕಟ್ಟಿದರು. ವಿಕ್ಟೋರಿಯಾ ರಾಣಿಯನ್ನೂ ಭೇಟಿಯಾದರು. ರೈಲು ಹಾದಿಗೆ ಒಂದು ಪಟ್ಟಿ ನೆಲ ಬಿಟ್ಟುಕೊಡಬೇಕಾಯ್ತು, ಆದರೆ ದೇಶ ಕಂಪನಿಯ ಕೈಗೆ ಹೋಗಲಿಲ್ಲ. 100 ಪುಲಾ ನೋಟಿನ ಮೇಲೆ ಇವರು ಮೂವರೂ ಇದ್ದಾರೆ.

ಸ್ವಾತಂತ್ರ್ಯ ಸಿಕ್ಕಿದ್ದು 1966ರ ಸೆಪ್ಟೆಂಬರ್ 30. ಖಾಮಾ ಅವರ ಮೊಮ್ಮಗ ಸೆರೆಟ್ಸೆ ಖಾಮಾ ಮೊದಲ ಅಧ್ಯಕ್ಷ. ಜಗತ್ತಿನ ಕಡುಬಡ ದೇಶಗಳಲ್ಲಿ ಒಂದಾಗಿತ್ತು. ಬ್ರಿಟಿಷರು ಆಡಳಿತ ನಡೆಸುತ್ತಿದ್ದ ಊರು ಕೂಡ ದೇಶದ ಹೊರಗೆ, ದಕ್ಷಿಣ ಆಫ್ರಿಕಾದಲ್ಲಿತ್ತು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಆಮೇಲೆ ಜ್ವಾನೆಂಗ್‌ನಲ್ಲಿ. ಅಲ್ಲಿ ದಪ್ಪ ಮರಳಿನ ಅಡಿಯಲ್ಲಿದ್ದ ವಜ್ರದ ಬಂಡೆಯ ಸುಳಿವು ಕೊಟ್ಟ ಕಣಗಳನ್ನ ಮೇಲಕ್ಕೆ ತಂದಿಟ್ಟದ್ದು ಯಾರು ಹೇಳಿ? ಮತ್ತೆ ಗೆದ್ದಲು.

ವಜ್ರ ಸಿಕ್ಕಿದ ಎಷ್ಟೋ ದೇಶಗಳಲ್ಲಿ ಯುದ್ಧ ಆಯ್ತು. ಇಲ್ಲಿ ಆಗಲಿಲ್ಲ. ನನಗೆ ಮುಖ್ಯ ಅನ್ನಿಸುವ ಕಾರಣ ಇದು: ನೆಲದಡಿಯ ಖನಿಜ ಆಯಾ ಬುಡಕಟ್ಟಿನದಲ್ಲ, ಇಡೀ ದೇಶದ್ದು ಅಂತ 1967ರಲ್ಲೇ ಕಾನೂನು ಮಾಡಿಕೊಂಡರು. ಒರಾಪಾ ಇದ್ದದ್ದು ಅಧ್ಯಕ್ಷರ ಸ್ವಂತ ಬುಡಕಟ್ಟಿನ ನೆಲದಲ್ಲಿ, ಆದರೂ. ಮುಂದೆ ಡಿ ಬೀರ್ಸ್ ಕಂಪನಿ ಜೊತೆ ಸಮಪಾಲಿನ ಪಾಲುದಾರಿಕೆ ಬಂತು. ಆ ದುಡ್ಡಲ್ಲಿ ಶಾಲೆ, ರಸ್ತೆ, ಆಸ್ಪತ್ರೆ ಆದವು. ಆದರೆ ಒಂದೇ ಸರಕಿನ ಮೇಲೆ ನಿಂತ ಮನೆ ಅದು. ಈಗ ಪ್ರಯೋಗಾಲಯದಲ್ಲಿ ಮಾಡಿದ ವಜ್ರ ಅಗ್ಗವಾಗಿ ಸಿಗ್ತಿದೆ, ನೆಲದ ವಜ್ರದ ಬೆಲೆ ಬಿದ್ದಿದೆ, ಬೋಟ್ಸ್ವಾನಾ ಸರ್ಕಾರದ ಆದಾಯ ಕುಗ್ಗಿದೆ. 2024ರ ಆಗಸ್ಟ್‌ನಲ್ಲಿ 2,492 ಕ್ಯಾರೆಟ್‌ನ, ಹತ್ತಿರ ಹತ್ತಿರ ಅರ್ಧ ಕಿಲೋ ತೂಗುವ ವಜ್ರ ಸಿಕ್ಕಿತು. ಅದೇ ವರ್ಷ ಚುನಾವಣೆಯಲ್ಲಿ, ಸ್ವಾತಂತ್ರ್ಯ ಬಂದಾಗಿನಿಂದ ಆಳುತ್ತಿದ್ದ ಪಕ್ಷ ಸೋತಿತು, ಅಧಿಕಾರ ಶಾಂತವಾಗಿ ಕೈ ಬದಲಾಯ್ತು. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಪಾಲಿಶ್ ಆಗೋದು ಸೂರತ್‌ನಲ್ಲಿ. ಅಲ್ಲಿಯ ಬೆಲೆ ಬಿದ್ದರೆ ಸೂರತ್‌ನ ಕಾರ್ಮಿಕರ ಮನೆಯಲ್ಲೂ ಸ್ಕೂಲ್ ಫೀಸಿನ ಚಿಂತೆ ಶುರುವಾಗುತ್ತೆ.

ಕೊನೆಗೆ ಒಬ್ಬ ಓಟಗಾರ. ಲೆಟ್ಸಿಲೆ ಟೆಬೋಗೊ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರನ್ನ 19.46 ಸೆಕೆಂಡಲ್ಲಿ ಓಡಿ ಚಿನ್ನ ಗೆದ್ದ. ಬೋಟ್ಸ್ವಾನಾಕ್ಕೆ ಒಲಿಂಪಿಕ್ಸ್‌ನಲ್ಲಿ ಅದೇ ಮೊದಲ ಚಿನ್ನ. ಆಗ ಅವನಿಗೆ 21 ವರ್ಷ, ಕೆಲವೇ ತಿಂಗಳ ಹಿಂದೆ ಅಮ್ಮ ತೀರಿಕೊಂಡಿದ್ದರು. ಗೆದ್ದ ಮರುದಿನ ಮಧ್ಯಾಹ್ನದ ಮೇಲೆ ಇಡೀ ದೇಶಕ್ಕೆ ರಜೆ ಕೊಟ್ಟರು. ಮರುವರ್ಷ ಟೋಕಿಯೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 4x400 ಪುರುಷರ ರಿಲೇ ಚಿನ್ನವೂ ಬಂತು, ಆಫ್ರಿಕಾದ ಯಾವ ದೇಶವೂ ಮೊದಲು ಗೆದ್ದಿರದ ಚಿನ್ನ. ಎರಡೂ ಓಟದ ವಿಡಿಯೋ ಸಿಗುತ್ತೆ, ಮಕ್ಕಳಿಗೆ ತೋರಿಸಿ. ಸಿಂಹದ ವಿಡಿಯೋಗಿಂತ ಮೊದಲು ತೋರಿಸಿ, ಅದು ನನ್ನ ಹಠ.

ಬಿಸಿಲಿಗಿಟ್ಟ ತಟ್ಟೆಯಲ್ಲಿ ಉಪ್ಪು ಮೊದಲು ಅಂಚಲ್ಲಿ ಕಟ್ಟಿಕೊಳ್ತಾ, ನಡುವೆ ಕಟ್ಟಿಕೊಳ್ತಾ ನೋಡಿ, ಮಕ್ಕಳ ಕೈಲೇ ಒಂದು ವಾಯ್ಸ್ ನೋಟ್ ಮಾಡಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.